ಪದಚರ್ಚೆ: ಬೇಬಿ ಕಾರ್ನ್ ಬೆಳೆಯ ‘ಸ್ಪೇಸಿಂಗ್’ಗೆ ಏನನ್ನೋಣ?

ಪ್ರಶ್ನೆ:
ಗೆಳೆಯರೇ, ರೈತರ ಕರಪತ್ರವೊಂದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಬೇಬಿ ಕಾರ್ನ್‌ಗೆ ಗೊಬ್ಬರ ಎಷ್ಟು, ಗಿಡದಿಂದ ಗಿಡಕ್ಕೆ ಎಷ್ಟು ಬಿಡಬೇಕು, ಕೊನೆಗೆ ಕೈಗೆ ಉಳಿಯುವುದೆಷ್ಟು ಎಂಬುದು ವಿಷಯ. ‘ಪ್ಲಾಂಟ್ ಸ್ಪೇಸಿಂಗ್’ಗೆ ಕರಡಿನಲ್ಲಿ ‘ಸಸ್ಯಾಂತರ’ ಎಂದಿದೆ. ಓದಿದವರು ಬೇರೆ ಬೆಳೆ ಹಾಕುವುದು ಅಂದುಕೊಂಡರು. ಸಾಲಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂ.ಮೀ. (60×20) ಬಿಟ್ಟರೆ ಹೆಕ್ಟೇರಿಗೆ ಸುಮಾರು 83 ಸಾವಿರ ಗಿಡ, 45×20 ಬಿಟ್ಟರೆ 1.11 ಲಕ್ಷ. ಈ ‘ಡೆನ್ಸಿಟಿ’ಗೂ ಪದ ಬೇಕು. ತಲೆಬರಹಕ್ಕೆ ‘ಎಳೆಜೋಳ’ ಆದೀತೇ?

ಉತ್ತರ:
‘ಎಳೆಜೋಳ’ ಬೇಡ. ಧಾರವಾಡ, ವಿಜಯಪುರದ ಕಡೆ ಜೋಳ ಅಂದರೆ ರೊಟ್ಟಿ ಜೋಳ. ಅದರ ಎಳೆಯ ಕಾಳಿಗೆ ಸೀತನಿ ಎಂಬ ಹೆಸರೇ ಇದೆ. ಬೇಬಿ ಕಾರ್ನ್ ಗೋವಿನಜೋಳದ ಎಳೆತೆನೆ; ಗೋವಿನಜೋಳ ಹಳೇ ಮೈಸೂರಿನವರಿಗೆ ಮುಸುಕಿನ ಜೋಳ. ಸಂತೆಯಲ್ಲಿ ಬೇಬಿ ಕಾರ್ನ್ ಅಂತಲೇ ಕೇಳುತ್ತಾರೆ, ಹಾಗೇ ಬಿಡಿ. ಸ್ಪೇಸಿಂಗಿಗೆ ‘ಎಡೆ’. ಸಾಲುಗಳ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವವನಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ತಮಿಳಿನ ‘ಇಡೈ’, ತೆಲುಗಿನ ‘ಎಡ’ ಇದೇ ಬೇರಿನವು. ಸಾಲೆಡೆ, ಗಿಡದೆಡೆ. ಸಂಸ್ಕೃತಕ್ಕೆ ಕೈಯೊಡ್ಡುವ ಚಟ ಇನ್ನಾದರೂ ಬಿಡೋಣ.

ಉತ್ತರ:
‘ಗಿಡದೆಡೆ’ ಅಂದರೆ ಗಿಡದ ಕಡೆಗೆ. ‘ಗಿಡದೆಡೆ ನೋಡಿ ಯೂರಿಯಾ ಹಾಕಿ’ ಎಂದು ಅಚ್ಚು ಹಾಕಿಸಿದರೆ ಬುಡಕ್ಕೇ ಸುರಿದು ಗಿಡ ಸುಟ್ಟಾರು. ‘ಸಾಲಿನ ಅಂತರ, ಗಿಡದ ಅಂತರ’ ಎನ್ನಿ, ಸಾಕು. ‘ಅಂತರ’ ಎಲ್ಲಿಂದ ಬಂತೆಂದು ಹೊಲದಲ್ಲಿ ಯಾರೂ ಕೇಳುವುದಿಲ್ಲ. ಡೆನ್ಸಿಟಿಗೆ ಪದವೇ ಬೇಡ, ‘ಹೆಕ್ಟೇರಿಗೆ ಇಷ್ಟು ಗಿಡ’ ಅನ್ನಿ. ಪದಕ್ಕಿಂತ ಮುಖ್ಯವಾದದ್ದು ಬಿಟ್ಟುಹೋಗದಿರಲಿ: ಒತ್ತಾಗಿ ಬಿತ್ತಿ ಸಾರಜನಕ ಏರಿಸದಿದ್ದರೆ ತೆನೆ ಹೆಚ್ಚಿದರೂ ಸಣಕಲು, ವಿಂಗಡಣೆಯಲ್ಲೇ ಹೊರಬೀಳುತ್ತವೆ. ಬೀಜದ ಖರ್ಚೂ ಏರಿರುತ್ತದೆ. ತೆನೆ ಕಿತ್ತ ಗಿಡದಿಂದ ಸಿಗುವ ಹಸಿಮೇವಿನ ದುಡ್ಡು ಸೇರಿಸದೆ ‘ನಿವ್ವಳ ಲಾಭ’ ಬರೆದರೆ ಲೆಕ್ಕವೇ ತಪ್ಪು.

ಉತ್ತರ:
ಹೊಲದ ಮಾತೇ ಪ್ರಮಾಣವಾದರೆ ‘ಸಾರಜನಕ’ ಯಾಕೆ? ರೈತ ಯೂರಿಯಾ ಅನ್ನುತ್ತಾನೆ. ಎರವಲು ಬೇಕಾದರೆ ಬಾಯಲ್ಲಿರುವ ಎರವಲು ತನ್ನಿ, ಪದಕೋಶದಲ್ಲಿ ಹೊಸೆದದ್ದಲ್ಲ.

ಉತ್ತರ:
ಯೂರಿಯಾ ಚೀಲದ ಹೆಸರು. ಡಿಎಪಿಯಲ್ಲೂ ಸಾರಜನಕ ಇದೆ, ಕೊಟ್ಟಿಗೆ ಗೊಬ್ಬರದಲ್ಲೂ ಇದೆ. ಯೂರಿಯಾ, ಸಾರಜನಕ ಎರಡನ್ನೂ ಒಂದೇ ಮಾಡಿದರೆ ರೈತ ಎರಡೆರಡು ಸಲ ದುಡ್ಡು ಸುರಿಯುತ್ತಾನೆ. ಇಲ್ಲಿ ಹಠ ಬೇಡ.

ಪ್ರಶ್ನೆ ಕೇಳಿದವರಿಂದ:
‘ಸಾಲಿನ ಅಂತರ, ಗಿಡದ ಅಂತರ’ ಹಾಕಿದೆ. ‘ಸಾರಜನಕ’ ಇರುತ್ತದೆ, ಪಕ್ಕದಲ್ಲೇ ಯೂರಿಯಾ ಎಷ್ಟು ಕಿಲೋ ಎಂದೂ ಕೊಡುತ್ತೇನೆ. ಇನ್ನೊಂದು ಉಳಿದಿದೆ. ಗಿಡದ ತುದಿಯ ಗಂಡು ಹೂಗೊಂಚಲು ತೆಗೆಯುವ ‘ಡಿಟ್ಯಾಸೆಲಿಂಗ್’ಗೆ ‘ಸೂಲಂಗಿ ಕೀಳುವುದು’ ನಡೆಯುತ್ತದೆಯೇ, ಅಥವಾ ಸೂಲಂಗಿ ಕಬ್ಬಿಗಷ್ಟೇ ಎನ್ನುತ್ತೀರೋ?