ಅಪ್‌ಡೇಟ್: ಕರದಂಟಿನ ಡಬ್ಬಿಗೆ ಕೈಬರಹದ ಫಾಂಟ್ ಸಿಕ್ತ್ರಿ
ಹೋದ ವಾರ ಕೇಳಿದ್ದೆ ನೋಡ್ರಿ, ಅವ್ವ ಮಾಡೋ ಕರದಂಟಿನ ಡಬ್ಬಿಗೆ ಕೈಲೆ ಬರದಂಗ ಕಾಣೋ ಫಾಂಟ್ ಯಾವುದು ಅಂತ. ನೀವು ಹೇಳಿದ 'ಅಕಾಯ ಕನಡಕ' ಅನ್ನೋ ಫಾಂಟ್ ಹಾಕಿದೆ. ಗೂಗಲ್ ಫಾಂಟ್ಸ್‌ನ್ಯಾಗ ಪುಕ್ಕಟೆ ಐತಿ.

ಮೊದಲ ಸಲ ಬರೇ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ! 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ ಹಂಗ ಅಂಟಿಸಿದ್ದೆ. ಈ ಫಾಂಟಿಗೆ ತಿಳಿಯೋ ಯೂನಿಕೋಡ್ ಅಕ್ಷರಕ್ಕ ಬದಲಿಸಿದ ಮ್ಯಾಲೆ ಸರಿ ಆತು.

ಹೆಸರು ದೊಡ್ಡದಾಗಿ ಭಾಳ ಚಂದ ಕಾಣತೈತಿ. ಆದ್ರ ಒಳಗಿನ ಸಾಮಾನಿನ ಪಟ್ಟಿಗೆ ಬ್ಯಾಡ. ಸಣ್ಣಗ ಮಾಡಿದ್ರ 'ಉತ್ತತ್ತಿ', 'ಬೆಲ್ಲ' ಇವುಗಳ ಒತ್ತಕ್ಷರ ಮಸಿ ಹತ್ತಿದಂಗ ಕೂಡಿಕೊಂಡ್ವು. ಅಲ್ಲಿ 'ನೋಟೊ ಸಾನ್ಸ್ ಕನ್ನಡ' ಅನ್ನೋ ಸಾದಾ ಫಾಂಟ್ ಹಾಕಿ, ಸಾಲಿನ ನಡುವ ಜಾಗ ಹೆಚ್ಚಿಸಿದೆ.

ಬಾಗಲಕೋಟ್ಯಾಗ ಪ್ರೆಸ್ಸಿನ ಕಾಕಾ "ಯಾರ ಅಕ್ಷರಪಾ ಇದು?" ಅಂದ್ರು. ಅವ್ವ ಮಾತ್ರ "ನನ್ನ ಅಕ್ಷರ ಇದಕ್ಕಿಂತ ದುಂಡಗ ಅದಾವ" ಅಂತ ಮಾರಿ ಉಬ್ಬಿಸ್ಯಾಳ.