2 ಅಡಿ ಗಿಡದ ಟ್ಯಾಂಕ್‌ಗೆ ಗುಂಪಿನ ಮೀನು: ಮೈಸೂರು ನೀರಿಗೆ ನಿಯಾನ್ ಟೆಟ್ರಾ ಹೊಂದುತ್ತಾ?

ದಟ್ಟಗಳ್ಳಿ_ಹೊಸಬ

ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ ಗಿಡದ ಟ್ಯಾಂಕ್ ಇಡೋಣ ಅಂತ ಹೊರಟಿದ್ದೇನೆ. ಗಾಜಿನ ತೊಟ್ಟಿ ಬಂದಾಗಿದೆ: 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಮೊಸಳೆ, ಇವೆಲ್ಲ ಬೇಡ. ನಿಜವಾದ ಗಿಡಗಳ ಮಧ್ಯೆ ಒಂದೇ ಜಾತಿಯ ಸಣ್ಣ ಮೀನು ಗುಂಪಾಗಿ ಓಡಾಡಿದರೆ ಸಾಕು.

ಅಂಗಡಿಯಲ್ಲಿ ಕೇಳಿದರೆ, "6 ನಿಯಾನ್, 2 ಏಂಜಲ್, 4 ಗೋಲ್ಡ್‌ಫಿಶ್, ಗಾಜು ಕ್ಲೀನ್ ಮಾಡೋಕೆ 1 ಸಕ್ಕರ್ ತಗೊಳ್ಳಿ ಸಾರ್, ಇವತ್ತು ನೀರು ತುಂಬಿಸಿ, ಈ ನೀಲಿ ಔಷಧಿ ನಾಲ್ಕು ಹನಿ ಹಾಕಿ, ನಾಳೆ ಮೀನು ಬಿಡಿ" ಅಂದರು. ಯಾಕೋ ನಂಬಿಕೆ ಬರಲಿಲ್ಲ.

ನಮ್ಮ ಸಂಪಿಗೆ ಕಾವೇರಿ ನೀರೂ ಬರುತ್ತದೆ, ಸಾಲದಿದ್ದಾಗ ಬೋರ್ ನೀರೂ ಸೇರುತ್ತದೆ. ಈ ನೀರಿಗೆ ನಿಯಾನ್ ಟೆಟ್ರಾ ಆಗುತ್ತಾ? ಹೀಟರ್ ಬೇಕಾ? ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಗಿಡ ಬೆಳೆಯಲ್ವಾ? ತಳಕ್ಕೆ ಹಾಕುವ ರೆಡಿಮೇಡ್ ಮಣ್ಣಿನ ರೇಟು ನೋಡಿ ತಲೆ ತಿರುಗಿತು, ಅದಕ್ಕೆ ಬದಲಿ ಏನಾದರೂ ಇದ್ದರೆ ಅದನ್ನೂ ಹೇಳಿ.

ಹಸಿರು_ತೊಟ್ಟಿ (ರಾಮಕೃಷ್ಣನಗರ)

ಆ ಪಟ್ಟಿಯನ್ನು ಹರಿದು ಹಾಕಿ ಮೊದಲು. ಗೋಲ್ಡ್‌ಫಿಶ್ ನಿಮ್ಮ ಗಿಡಗಳನ್ನು ಕಿತ್ತು ತಿನ್ನುತ್ತದೆ. ಏಂಜಲ್ ಸಣ್ಣದಿದ್ದಾಗ ಸಾಧು, ಬೆಳೆದ ಮೇಲೆ ನಿಯಾನ್ ಅದಕ್ಕೆ ಬಾಯಿಗೆ ಸರಿಯಾದ ತುತ್ತು. ಸಕ್ಕರ್ ಅಂತ ಮಾರುವ ಮೀನು ಒಂದು ಅಡಿ ದಾಟಿ ಬೆಳೆಯುತ್ತದೆ, ಆಮೇಲೆ ಸಾಕಲಾಗದೆ ಜನ ತಗೊಂಡು ಹೋಗಿ ಕೆರೆಗೆ ಬಿಡುತ್ತಾರೆ, ಅದು ಅಲ್ಲಿ ಬೇರೂರಿ ನಮ್ಮ ಊರಿನ ಮೀನುಗಳ ಜಾಗ ತಿನ್ನುತ್ತದೆ. ನೀಲಿ ಔಷಧಿ ಹೆಚ್ಚಾಗಿ ಮೆಥಿಲೀನ್ ಬ್ಲೂ. ಮೀನಿಗೆ ಫಂಗಸ್ ಬಂದಾಗ ಬೇರೆ ಬಕೆಟ್‌ನಲ್ಲಿ ಬಳಸುವ ಮದ್ದು ಅದು. ಹೊಸ ಟ್ಯಾಂಕ್‌ಗೆ ಹಾಕಿದರೆ ನಮಗೆ ಬೇಕಾದ ಬ್ಯಾಕ್ಟೀರಿಯಾಕ್ಕೇ ಪೆಟ್ಟು.

ನಿಮ್ಮ ಟ್ಯಾಂಕ್ ಲೆಕ್ಕಕ್ಕೆ ಸುಮಾರು 70 ಲೀಟರ್. ಮಣ್ಣು, ಕಲ್ಲು ಕಳೆದು, ಮೇಲೆ ಸ್ವಲ್ಪ ಖಾಲಿ ಬಿಟ್ಟರೆ 55 ಲೀಟರ್ ನೀರು ಹಿಡಿಯಬಹುದು. ಗಾಜಿನ ತೂಕವೂ ಸೇರಿದರೆ ಹಾಲ್‌ನ ಟೀಪಾಯ್ ಮೇಲೆ ಇಡುವ ಸಾಮಾನಲ್ಲ, ಗಟ್ಟಿ ಸ್ಟ್ಯಾಂಡ್ ಮಾಡಿಸಿ, ಕೆಳಗೆ ಥರ್ಮೋಕೋಲ್ ಹಾಳೆ ಹಾಕಿ.

ಈಗ ನೀರು. ಮೈಸೂರಿಗೆ ನಲ್ಲಿಯಲ್ಲಿ ಬರುವುದು ಕಾವೇರಿ, ಕಬಿನಿ ನೀರು. ಬೋರ್ ನೀರಿಗೆ ಹೋಲಿಸಿದರೆ ಮೆದು, ಅಂದರೆ ಕರಗಿದ ಸುಣ್ಣದಂಥ ಲವಣ ಕಡಿಮೆ; ಜಾಸ್ತಿ ಇದ್ದರೆ ಗಡಸು. ನಿಯಾನ್ ಅಮೆಜಾನ್ ಕಡೆಯ ಮೀನು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ತುಂಬಾ ಮೆದು ನೀರು ಅದರ ತವರು. ಈಗ ಅಂಗಡಿಗೆ ಬರುವವು ಹೆಚ್ಚಾಗಿ ಫಾರ್ಮ್‌ನಲ್ಲಿ ಹುಟ್ಟಿದವು, ಅಷ್ಟು ಮೆದು ನೀರೇ ಬೇಕು ಅಂತ ಹಟ ಮಾಡುವುದಿಲ್ಲ. ಬರೀ ನಲ್ಲಿ ನೀರಾದರೆ ಧೈರ್ಯವಾಗಿ ಸಾಕಿ. ತೊಂದರೆ ಇರುವುದು ನಿಮ್ಮ ಸಂಪಿನಲ್ಲಿ. ಈ ವಾರ ಕಾವೇರಿ, ಮುಂದಿನ ವಾರ ಅರ್ಧ ಬೋರ್ ಅಂದರೆ ನೀರಿನ ಗುಣ ಪ್ರತಿ ಸಲ ಬದಲಾಗುತ್ತದೆ. ಮೀನಿಗೆ ಸ್ವಲ್ಪ ಗಡಸು ನೀರಿಗಿಂತ ಹೀಗೆ ಏರಿಳಿಯುವ ನೀರು ಜಾಸ್ತಿ ಕಷ್ಟ. ಹಾಗಾಗಿ ಸಂಪಿನಿಂದ ತುಂಬಬೇಡಿ. ನಲ್ಲಿ ಬಂದ ದಿನ ನೇರವಾಗಿ ಎರಡು ಡ್ರಮ್ ಹಿಡಿದಿಡಿ. ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟರೆ ಸಾಕು, ಅವಸರ ಇದ್ದರೆ ಆ್ಯಂಟಿ ಕ್ಲೋರಿನ್ ಹನಿ ಹಾಕಿ.

ಮಣ್ಣಿಗೆ ದುಡ್ಡು ಸುರಿಯಬೇಡಿ. ಗೊಬ್ಬರ, ಕೀಟನಾಶಕ ಬೀಳದ ಜಾಗದ ಕೆಂಪು ಮಣ್ಣು ತಂದು, ಕಡ್ಡಿ ಬೇರು ಆರಿಸಿ, ಜರಡಿ ಹಿಡಿದು, ನೀರಲ್ಲಿ ಕದಡಿ ಮೇಲೆ ತೇಲಿದ್ದನ್ನೆಲ್ಲ ಚೆಲ್ಲಿ, ಒಂದು ಇಂಚು ಹರಡಿ. ಅದರ ಮೇಲೆ ಚೆನ್ನಾಗಿ ತೊಳೆದ ಮರಳು ಎರಡು ಇಂಚು. ಮಣ್ಣು ಎಲ್ಲಿಯೂ ಇಣುಕಬಾರದು. ಸಗಣಿ ಗೊಬ್ಬರ, ಎರೆಗೊಬ್ಬರ ಸೇರಿಸಿ ಜಾಣತನ ತೋರಿಸಲು ಹೋಗಬೇಡಿ, ಅಮೋನಿಯಾ ಏರಿ ಕೂರುತ್ತದೆ. ಮರಳು ಹಾಕುವ ಮೊದಲು ಒಂದು ಹಿಡಿ ತಟ್ಟೆಗೆ ಹಾಕಿ ನಿಂಬೆರಸ ಹಿಂಡಿ ನೋಡಿ. ಚುರುಚುರು ನೊರೆ ಎದ್ದರೆ ಅದರಲ್ಲಿ ಕಪ್ಪೆಚಿಪ್ಪು, ಸುಣ್ಣದ ಚೂರು ಇದೆ, ನೀರನ್ನು ಗಡಸು ಮಾಡುತ್ತಲೇ ಇರುತ್ತದೆ. ಅಂಥದ್ದು ಬೇಡ.

ಗಿಡದಲ್ಲಿ ವ್ಯಾಲಿಸ್ನೇರಿಯಾ ಹಿಂದಕ್ಕೆ, ಹೈಗ್ರೋಫಿಲಾ ಮೂಲೆಗೆ, ಕ್ರಿಪ್ಟೋಕೋರೈನ್ ಮಧ್ಯಕ್ಕೆ, ಅನುಬಿಯಾಸ್ ಮತ್ತು ಜಾವಾ ಫರ್ನ್ ಕಟ್ಟಿಗೆಗೆ ಕಟ್ಟಿ. ಕೊನೆಯ ಎರಡರ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ದಾರ ಸುತ್ತಿ ಬಿಡಿ, ಬೇರು ತಾನೇ ಹಿಡಿದುಕೊಳ್ಳುತ್ತದೆ. ಕ್ರಿಪ್ಟೋಕೋರೈನ್ ನೆಟ್ಟ ವಾರದೊಳಗೆ ಎಲೆ ಗಾಜಿನಂತೆ ತೆಳುವಾಗಿ, ತೂತಾಗಿ, ಮುಟ್ಟಿದರೆ ಲೋಳೆಯಾಗಿ ಕೈಗೆ ಬರುತ್ತದೆ. ಸತ್ತಿತು ಅಂತ ಕಿತ್ತು ಬಿಸಾಡಬೇಡಿ. ಜಾಗ ಬದಲಾದಾಗ ಅದರ ಅಭ್ಯಾಸವೇ ಅದು. ಬೇರು ಗಟ್ಟಿಯಾಗಿದ್ದರೆ ಬುಡದಿಂದ ಹೊಸ ಎಲೆ ಬರುತ್ತದೆ.

ಗಿಡ ನೆಟ್ಟ ಮೇಲೆ ಕಾಯಿರಿ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ, ನೈಟ್ರೇಟನ್ನು ಗಿಡ ಎಳೆದುಕೊಳ್ಳುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರ ಬೇಕು. ದಿನಾ ಚಿಟಿಕೆ ಮೀನಿನ ಆಹಾರ ಉದುರಿಸುತ್ತಾ ಬನ್ನಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದು ಅಲ್ಲೇ ನಿಂತ ಮೇಲೆ ಮೀನು. ನಡುವೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾದರೆ ಗಾಬರಿ ಬೇಡ, ತಾನೇ ತಿಳಿಯಾಗುತ್ತದೆ. ಪರಿಚಯದವರ ಹಳೇ ಫಿಲ್ಟರ್‌ನಿಂದ ಒಂದು ತುಂಡು ಕೊಳೆ ಸ್ಪಂಜು ಸಿಕ್ಕರೆ ಕಾಯುವುದು ಎಷ್ಟೋ ಕಡಿಮೆಯಾಗುತ್ತದೆ. ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದು ತರಬೇಡಿ ಮತ್ತೆ!

ಹೀಟರ್ ವಿಷಯ. ನಿಯಾನ್‌ಗೆ 20 ರಿಂದ 26 ಡಿಗ್ರಿ ಹಿತ, ನಮ್ಮೂರ ಹವೆಗೆ ಮನೆಯೊಳಗೆ ಹೀಟರ್ ಇಲ್ಲದೆ ನಡೆಯುತ್ತದೆ. ಚಳಿಗಿಂತ ಏಪ್ರಿಲ್ ಮಧ್ಯಾಹ್ನವೇ ಕಷ್ಟ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಮಂಡ್ಯದ_ಬೋರ್‌ವೆಲ್

ಮೇಲಿನವರು ಬರೆದಿದ್ದು ಬಹುಪಾಲು ಒಪ್ಪುತ್ತೇನೆ. ಆದರೆ ಎಲ್ಲರೂ ಯಾಕೆ ನಿಯಾನ್ ಹಿಂದೆ ಬೀಳುತ್ತಾರೋ ನನಗಂತೂ ಅರ್ಥ ಆಗಿಲ್ಲ.

ನಮ್ಮ ಬಡಾವಣೆಯಲ್ಲಿ ಬರೀ ಬೋರ್. ನಲ್ಲಿಯ ಬಾಯಿಯಲ್ಲಿ ಬಿಳಿ ಚಕ್ಕೆ ಕಟ್ಟಿ, ಉಗುರಲ್ಲಿ ಕೆರೆದರೆ ಪುಡಿಪುಡಿ ಉದುರುತ್ತದೆ. ಟ್ಯಾಂಕ್ ಗಾಜಿನ ಮೇಲೆ ನೀರು ಇಳಿದಷ್ಟು ಎತ್ತರಕ್ಕೆ ಬಿಳಿ ಗೆರೆ. ಇಂಥ ನೀರಿನಲ್ಲಿ ನಿಯಾನ್ ಸಾಕಬೇಕು ಅಂದರೆ ಪ್ರತಿ ವಾರ ಆರ್‌ಒ ನೀರು ಹಿಡಿದು ಬೆರೆಸುತ್ತಾ ಕೂರಬೇಕು. ಇನ್ನೊಂದು ವಿಷಯ, ಇಂಥ ಗಡಸು ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಪಿಎಚ್ ಏರಿದಷ್ಟೂ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಆದ್ದರಿಂದ ಬೋರ್ ನೀರಿನವರು ಬ್ಯಾಕ್ಟೀರಿಯಾ ಕೂರುವ ಮೊದಲೇ ಮೀನು ಬಿಟ್ಟರೆ ಕಾವೇರಿ ನೀರಿನವರಿಗಿಂತ ಬೇಗ ಕಳೆದುಕೊಳ್ಳುತ್ತಾರೆ.

ನೀರು ಬದಲಾಯಿಸುವ ಬದಲು ಮೀನು ಬದಲಾಯಿಸಿ. ಜೀಬ್ರಾ ಡ್ಯಾನಿಯೋ ನಮ್ಮ ದೇಶದ್ದೇ ಮೀನು, ಒಂದೂವರೆ ಎರಡು ಇಂಚು, ಗಡಸು ನೀರು, ಚಳಿ, ಕರೆಂಟ್ ಹೋಗುವುದು, ಏನು ಬಂದರೂ ತಡೆಯುತ್ತದೆ. ಹತ್ತು ಹನ್ನೆರಡು ಬಿಟ್ಟರೆ ಇಡೀ ದಿನ ಆ ತುದಿಯಿಂದ ಈ ತುದಿಗೆ ಓಟ. ಸ್ವಲ್ಪ ನಿಧಾನದ ಮೀನು ಬೇಕಾದರೆ ಶ್ರೀಲಂಕಾದ ಚೆರ್ರಿ ಬಾರ್ಬ್, ಗಂಡು ಮೀನು ಗಿಡದ ಹಸಿರಿಗೆ ಎದುರಾಗಿ ಕೆಂಪಗೆ ಹೊಳೆಯುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳ ಮೆಲನ್ ಬಾರ್ಬ್ ಕೂಡ ಚೆಂದ, ಆದರೆ ಅದಕ್ಕೆ 3 ಅಡಿ ಇದ್ದರೆ ಒಳ್ಳೆಯದು.

ಅಂಗಡಿಯಲ್ಲಿ ಮಿಸ್ ಕೇರಳ ತೋರಿಸಿದರೆ ಮರುಳಾಗಬೇಡಿ. ಅದು ಡೆನಿಸನ್ ಬಾರ್ಬ್, ಕೆಂಪು ಗೆರೆ, ಕಪ್ಪು ಗೆರೆ, ನೋಡಲು ಬಲು ಸೊಗಸು. ಎರಡು ಇಂಚಿನ ಮರಿ ಮಾರುತ್ತಾರೆ, ಐದಾರು ಇಂಚು ಬೆಳೆಯುತ್ತದೆ, 4 ಅಡಿ ಟ್ಯಾಂಕ್ ಬೇಕು. ಕಾಡಿನ ಹೊಳೆಗಳಿಂದ ಹಿಡಿದು ಹಿಡಿದು ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ ಕೂಡ.

ಹಾಗೇ, ನಾಲೆಯಿಂದ ಗಿಡ ಕಿತ್ತು ತರುವ ಐಡಿಯಾ ಬಂದರೆ ಬಿಡಿ. ರೊಟಾಲಾ ನಮ್ಮ ಗದ್ದೆ ಬದುಗಳಲ್ಲಿ ಕಳೆಯಾಗಿ ಬೆಳೆಯುತ್ತದೆ ನಿಜ, ಆದರೆ ಭತ್ತಕ್ಕೆ ಹೊಡೆದ ಔಷಧಿ ಅದರ ಮೈಮೇಲೆ ಇರುತ್ತದೆ, ಜೊತೆಗೆ ಜಿಗಣೆ ಫ್ರೀ.

ದಟ್ಟಗಳ್ಳಿ_ಹೊಸಬ

ಇಬ್ಬರಿಗೂ ಥ್ಯಾಂಕ್ಸ್. ಬೋರ್ ಸೇರದ ನಲ್ಲಿ ನೀರು ಹಿಡಿಯಲು ಜಾಗ ಇದೆ, ಡ್ರಮ್ ಇಡಬಹುದು. ಹಾಗಾದರೆ ನಿಯಾನ್ ಕಡೆಗೇ ಮನಸ್ಸು. ಎಷ್ಟು ಬಿಡಬಹುದು? ಮತ್ತೆ ವಿಡಿಯೋಗಳಲ್ಲಿ ತೋರಿಸುವ ಹಾಗೆ ಎಲ್ಲ ಒಟ್ಟಿಗೆ ತಿರುಗುತ್ತವಾ? ಸಿಲಿಂಡರ್ ಬಗ್ಗೆ ಯಾರೂ ಹೇಳಲಿಲ್ಲ.

ಪಾಚಿ_ವೈರಿ

ಸಿಲಿಂಡರ್ ಬೇಡ. ಮೇಲೆ ಹೇಳಿದ ಗಿಡಗಳಲ್ಲಿ ಒಂದಕ್ಕೂ ಅದು ಬೇಕಾಗಿಲ್ಲ. ನೆಲಕ್ಕೆ ಹುಲ್ಲುಹಾಸು ಹಾಸಬೇಕು, ಕೆಂಪು ಗಿಡ ಕೆಂಪಾಗಿಯೇ ಇರಬೇಕು ಅಂದಾಗ ಆ ಖರ್ಚಿಗೆ ಇಳಿಯಿರಿ.

ಎಲ್ಲರೂ ಸೋಲುವುದು ಲೈಟ್‌ನಲ್ಲಿ. ಬೆಳಗ್ಗೆ ಎದ್ದ ಕೂಡಲೇ ಹಾಕುತ್ತಾರೆ, ರಾತ್ರಿ ಸೀರಿಯಲ್ ಮುಗಿಯುವ ತನಕ ಉರಿಸುತ್ತಾರೆ, ಆಮೇಲೆ ಗಾಜೆಲ್ಲ ಹಸಿರು ಅಂತ ಗೋಳು. ಪ್ಲಗ್‌ಗೆ ಸಿಕ್ಕಿಸುವ ಟೈಮರ್ ತಗೊಳ್ಳಿ, ಮೊದಲ ತಿಂಗಳು ದಿನಕ್ಕೆ 6 ಗಂಟೆ, ಗಿಡ ಹಿಡಿದ ಮೇಲೆ 8. ನೀವು ಮನೆಯಲ್ಲಿ ಇರುವ ಹೊತ್ತಿಗೆ, ಅಂದರೆ ಸಂಜೆ 3 ರಿಂದ 9ಕ್ಕೆ ಇಟ್ಟುಕೊಳ್ಳಿ, ಗಿಡಕ್ಕೆ ಸೂರ್ಯೋದಯದ ಮುಹೂರ್ತ ಏನೂ ಇಲ್ಲ. ಕಿಟಕಿ ಬಿಸಿಲು ನೇರ ಬೀಳುವ ಗೋಡೆ ಬೇಡ. ಟೈಮರ್ ಕೊಳ್ಳುವಾಗ ಕರೆಂಟ್ ಹೋದರೂ ಸಮಯ ಮರೆಯದಂಥದ್ದು, ಒಳಗೆ ಬ್ಯಾಟರಿ ಇರುವುದು ಕೇಳಿ.

ಕರೆಂಟ್ ಒಂದೆರಡು ಗಂಟೆ ಹೋದರೆ ಏನೂ ಆಗಲ್ಲ. ರಾತ್ರಿ ಹೊತ್ತು ಹೋಗಿ ಬರದಿದ್ದರೆ ಎಚ್ಚರ, ಕತ್ತಲಲ್ಲಿ ಗಿಡವೂ ಮೀನಿನ ಜೊತೆಗೆ ಆಮ್ಲಜನಕ ತಿನ್ನುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಹಸಿರು_ತೊಟ್ಟಿ (ರಾಮಕೃಷ್ಣನಗರ)

ಎಷ್ಟು ಅಂತ ಕೇಳಿದಿರಿ. ನಿಮ್ಮ ಟ್ಯಾಂಕ್‌ಗೆ 12 ರಿಂದ 15 ನಿಯಾನ್, ಬೇರೆ ಮೀನು ಯಾವುದೂ ಬೇಡ. ಐದು ಜಾತಿ ಮೂರು ಮೂರು ಬಿಟ್ಟರೆ ಯಾವುದೂ ಗುಂಪಾಗಲ್ಲ, ಎಲ್ಲ ಮೂಲೆ ಸೇರಿ ಬಣ್ಣ ಕಳೆದುಕೊಂಡು ನಿಲ್ಲುತ್ತವೆ. ಮೊದಲು 6 ಬಿಡಿ, ಎರಡು ವಾರ ಅಮೋನಿಯಾ ನೋಡಿ, ಆಮೇಲೆ ಉಳಿದವು.

ಒಟ್ಟಿಗೆ ತಿರುಗುವ ವಿಚಾರದಲ್ಲಿ ವಿಡಿಯೋ ನಂಬಬೇಡಿ. ಮೀನು ಒತ್ತೊತ್ತಾಗಿ ಸೇರಿ ಓಡುವುದು ಹೆದರಿದಾಗ, ಇಲ್ಲ ಹೊಸ ಜಾಗಕ್ಕೆ ಬಂದಾಗ. ಕಣ್ಣಿನ ಜೊತೆಗೆ ಮೈ ಪಕ್ಕದ ಗೆರೆಯಲ್ಲಿ ನೀರಿನ ಅಲುಗಾಟ ತಿಳಿದುಕೊಳ್ಳುತ್ತವೆ, ಹಾಗಾಗಿ ಒಂದು ತಿರುಗಿದ ಕ್ಷಣವೇ ಪಕ್ಕದ್ದೂ ತಿರುಗುತ್ತದೆ. ಟ್ಯಾಂಕ್‌ಗೆ ಹೊಂದಿಕೊಂಡ ನಿಯಾನ್‌ಗಳು ಸಡಿಲವಾಗಿ ಹರಡಿಕೊಂಡು ಗಿಡದ ನೆರಳಲ್ಲಿ ತೇಲುತ್ತಿರುತ್ತವೆ. ನೀವು ಗಾಜಿನ ಮುಂದೆ ಕೈ ಆಡಿಸಿದರೆ ತಟ್ಟನೆ ಒಂದಾಗುತ್ತವೆ, ನೀಲಿ ಗೆರೆಗಳೆಲ್ಲ ಒಂದೇ ಕಡೆ ವಾಲುತ್ತವೆ, ಅರ್ಧ ನಿಮಿಷಕ್ಕೆ ಮತ್ತೆ ಚದುರುತ್ತವೆ. ಸುಮ್ನೆ ಅದನ್ನು ನೋಡಲು ಕೈ ಆಡಿಸುತ್ತಾ ಇರಬೇಡಿ, ಪಾಪ. ಸದಾ ಬಿಗಿಯಾಗಿ ಗುಂಪಾಗಿರುವ ಮೀನೇ ಬೇಕು ಅಂದರೆ ರಮ್ಮಿನೋಸ್ ಟೆಟ್ರಾ. ನೀರು ಕೆಟ್ಟರೆ ಅದರ ಕೆಂಪು ಮೂತಿ ಬಿಳಚಿಕೊಂಡು ಮೊದಲೇ ಹೇಳಿಬಿಡುತ್ತದೆ. ಆದರೆ ಅದಕ್ಕೆ 3 ಅಡಿ ಉದ್ದ, ಚಳಿಗಾಲದಲ್ಲಿ ಹೀಟರ್, ಹಳೆಯದಾದ ಸ್ಥಿರ ಟ್ಯಾಂಕ್ ಬೇಕು. ಮೊದಲ ಟ್ಯಾಂಕ್‌ಗೆ ಬೇಡ.

ಕೊಳ್ಳುವಾಗ ಅಂಗಡಿಗೆ ಲೋಡ್ ಬಂದ ದಿನವೇ ತರಬೇಡಿ. ದೂರದಿಂದ ಕವರ್‌ನಲ್ಲಿ ಬಂದ ಮೀನು ಸಾಯುವುದಾದರೆ ಮೊದಲ ವಾರದಲ್ಲೇ ಸಾಯುತ್ತದೆ, ಆ ವಾರ ಅಂಗಡಿಯಲ್ಲೇ ಕಳೆಯಲಿ. ಆ ತೊಟ್ಟಿಯಲ್ಲಿ ಒಂದು ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೂ ಅಲ್ಲಿಂದ ಏನನ್ನೂ ತರಬೇಡಿ. ಮನೆಗೆ ತಂದ ಮೇಲೆ ಕವರ್ ತೇಲಿಬಿಟ್ಟು, ನಿಮ್ಮ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲಿ ಹಿಡಿದು ಬಿಡಿ, ಅಂಗಡಿ ನೀರು ಮೋರಿಗೆ.

ಮಂಡ್ಯದ_ಬೋರ್‌ವೆಲ್

ನೀರು ಆವಿಯಾಗಿ ಇಳಿದಾಗ ಸುಮ್ನೆ ಮೇಲಿಂದ ತುಂಬಿಸುತ್ತಾ ಹೋಗಬೇಡಿ, ನೀರು ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ, ಕಾವೇರಿ ನೀರೂ ಹಾಗೇ ಗಡಸಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಹೊಸದು ಹಾಕಿ. ತೆಗೆದ ನೀರು ಕರಿಬೇವಿನ ಗಿಡಕ್ಕೆ ಹಾಕಿ ನೋಡಿ, ಏನು ಚಿಗುರುತ್ತೆ ಅಂತೀರಿ!

ದಟ್ಟಗಳ್ಳಿ_ಹೊಸಬ

ಸರಿ, ನಿಂಬೆರಸದ ಟೆಸ್ಟ್ ಮಾಡಿದೆ, ಮರಳು ಪಾಸ್. ಅಂಗಡಿಯಿಂದ ವ್ಯಾಲಿಸ್ನೇರಿಯಾ ಕಟ್ಟಿನ ಜೊತೆ ಸಣ್ಣ ಸಣ್ಣ ಬಸವನಹುಳ ಬಂದಿವೆ. ತೆಗೆಯಲೇಬೇಕಾ?

ಪಾಚಿ_ವೈರಿ

ಇರಲಿ ಬಿಡಿ. ಕೊಳೆತ ಎಲೆ, ಪಾಚಿ ತಿಂದುಕೊಂಡಿರುತ್ತವೆ. ಲೆಕ್ಕಕ್ಕೆ ಸಿಗದಷ್ಟು ಆದರೆ ಆಹಾರ ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ, ಕಡಿಮೆ ಮಾಡಿ.