ಫೈಬರ್ 100, ಸಿಮ್ ರೂಟರ್ 40: ಎರಡೂ ಸೇರಿಸಿದರೆ 140 ಬರುತ್ತಾ?

ನಿಟುವಳ್ಳಿ ಲೆಕ್ಕಿಗ:
ನಮಸ್ಕಾರ. ಮನೆ ದಾವಣಗೆರೆ ನಿಟುವಳ್ಳಿಯಲ್ಲಿ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಲೆಕ್ಕಪತ್ರ ನೋಡುತ್ತೇನೆ. 100 ಎಂಬಿಪಿಎಸ್ ಫೈಬರ್ ಇದೆ. ನಮ್ಮ ಬೀದಿಯಲ್ಲಿ ಚರಂಡಿ ಕೆಲಸ ಶುರುವಾದ ಮೇಲೆ ಜೆಸಿಬಿ ಎರಡು ಸಲ ಕೇಬಲ್ ಕಿತ್ತುಹಾಕಿತು. ಎರಡನೇ ಸಲ ಮೂರು ದಿನ ನೆಟ್ ಇಲ್ಲ. ಸರಿಯಾಗಿ 20ನೇ ತಾರೀಕು, ಜಿಎಸ್‌ಟಿ ರಿಟರ್ನ್‌ಗೆ ಕಡೇ ದಿನ. ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಫೈಲ್ ಮಾಡಿದೆ.

ಅದಾದ ಮೇಲೆ ಸಿಮ್ ಹಾಕುವ ರೂಟರ್ ತಂದೆ. ಕಿಟಕಿ ಹತ್ತಿರ ಇಟ್ಟರೆ 40 ಬರುತ್ತದೆ. ಈಗ ಎರಡಕ್ಕೂ ದುಡ್ಡು ಕಟ್ಟುತ್ತಿದ್ದೇನೆ, ಎರಡನ್ನೂ ಸೇರಿಸಿ ಬಳಸೋಣ ಎಂದು ಸಿಮ್ ರೂಟರ್‌ನ ವೈರನ್ನು ಫೈಬರ್ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಚುಚ್ಚಿದೆ. ಮನೆಯಲ್ಲಿದ್ದ ನೆಟ್ಟೂ ಹೋಯಿತು. ಎಲ್ಲಿ ತಪ್ಪಿದೆ?

ಜೋಡಿ ವೈರ್:
ಸರ್, ಎರಡೂ ರೂಟರ್‌ಗಳ ವಿಳಾಸ 192.168.1.1 ಇರಬೇಕು, ನೋಡಿ. ಎರಡೂ ‘ನಾನೇ ಯಜಮಾನ’ ಎಂದು ಮನೆಯ ಫೋನುಗಳಿಗೆಲ್ಲ ಐಪಿ, ಅಂದರೆ ನೆಟ್ ವಿಳಾಸ, ಹಂಚಲು ಹೊರಟಿವೆ. ಮೊದಲು ಸಿಮ್ ರೂಟರ್‌ನ ವಿಳಾಸವನ್ನು 192.168.8.1 ಮಾಡಿ. ಆಮೇಲೆ ಡ್ಯುಯಲ್ ವ್ಯಾನ್ ರೂಟರ್ (ಹೊರಗಿನ ಎರಡು ನೆಟ್ ಲೈನ್ ಹಾಕಬಹುದಾದದ್ದು) ಒಂದು ತಂದು, ಎರಡೂ ಲೈನ್‌ಗಳನ್ನು ಅದರ ವ್ಯಾನ್ ಪೋರ್ಟ್‌ಗಳಿಗೆ ಕೊಡಿ. ಟಿಪಿ-ಲಿಂಕ್ ಇಆರ್605 ಸಾಕು. ಅದರಲ್ಲಿ ವೈಫೈ ಇರುವುದಿಲ್ಲ, ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ (ವೈಫೈ ಹರಡಲು ಮಾತ್ರ) ಮಾಡಿಕೊಳ್ಳಿ.

ಆದರೆ 140 ಮರೆತುಬಿಡಿ. ಹರಿಹರಕ್ಕೆ ಒಂದರ ಬದಲು ಎರಡು ಬಸ್ ಬಿಟ್ಟರೆ ಜಾಸ್ತಿ ಜನ ಹೋಗಬಹುದು, ನೀವೊಬ್ಬರೇ ಬೇಗ ತಲುಪುವುದಿಲ್ಲ ಅಲ್ವಾ? ಲೋಡ್ ಬ್ಯಾಲೆನ್ಸಿಂಗ್, ಅಂದರೆ ಕನೆಕ್ಷನ್‌ಗಳನ್ನು ಎರಡು ಲೈನ್‌ಗೆ ಹಂಚುವುದು, ಅಂದರೂ ಅಷ್ಟೇ. ಒಂದು ಫೈಲ್ ಡೌನ್‌ಲೋಡ್ ಒಂದೇ ಲೈನ್‌ನಲ್ಲಿ ಬರುತ್ತದೆ. ಟೊರೆಂಟ್ ಥರ ಹತ್ತಾರು ಕನೆಕ್ಷನ್ ತೆರೆಯುವವಕ್ಕೆ ಮಾತ್ರ ಎರಡರ ಲಾಭ.

ದುರ್ಗದವ:
ನಾನು ಚಿತ್ರದುರ್ಗದಲ್ಲಿ ಅಂಗಡಿಗೆ ಈ ಲೋಡ್ ಬ್ಯಾಲೆನ್ಸಿಂಗ್ ಮಾಡಿ ಪೆಟ್ಟು ತಿಂದೆ. ಬ್ಯಾಂಕ್ ಸೈಟ್‌ಗೆ ಲಾಗಿನ್ ಆದರೆ ಅರ್ಧಕ್ಕೇ ಆಚೆ ಹಾಕುತ್ತಿತ್ತು. ಒಂದು ಪುಟ ಫೈಬರ್‌ನಿಂದ, ಇನ್ನೊಂದು ಸಿಮ್‌ನಿಂದ ಹೋಗಿ ಐಪಿ ಬದಲಾಗುತ್ತಿತ್ತು. ಲ್ಯಾಪ್‌ಟಾಪ್‌ಗೆ ಯಾವಾಗಲೂ ಒಂದೇ ವ್ಯಾನ್ ಎಂದು ರೂಲ್ ಹಾಕಿದ ಮೇಲೆ ಸರಿಹೋಯಿತು. ನೀವು ಸುಮ್ನೆ ಫೇಲ್‌ಓವರ್ ಇಡಿ: ಫೈಬರ್ ಹೋದಾಗ ಮಾತ್ರ ಸಿಮ್. ಮತ್ತೆ, ಎರಡನೇ ಲೈನಿಗೂ ಫೈಬರ್ ತೆಗೆದುಕೊಳ್ಳಬೇಡಿ. ಒಂದೇ ಗುಂಡಿಯಲ್ಲಿ ಎರಡೂ ಹೋಗುತ್ತವೆ.

ನಿಟುವಳ್ಳಿ ಲೆಕ್ಕಿಗ:
ವಿಳಾಸ ನೋಡಿದೆ, ಎರಡರದ್ದೂ ಒಂದೇ! ಫೇಲ್‌ಓವರ್ ಆಗುವಾಗ ವಿಡಿಯೋ ಕಾಲ್ ಕಟ್ ಆಗುತ್ತದಾ?

ಜೋಡಿ ವೈರ್:
ಒಮ್ಮೆ ತಡವರಿಸುತ್ತದೆ, ಐಪಿ ಬದಲಾಗುತ್ತದಲ್ಲ. ಅದೂ ಬೇಡವೆಂದರೆ ಬಾಂಡಿಂಗ್ ಮಾಡಬೇಕು. ಆಗ ನಿಮ್ಮ ಡೇಟಾ ಎರಡು ಲೈನ್‌ನಲ್ಲಿ ಹೊರಟು, ಹೊರಗಿನ ಒಂದು ಸರ್ವರ್‌ನಲ್ಲಿ ಕೂಡಿ ಮುಂದೆ ಹೋಗುತ್ತದೆ. ಸ್ಪೀಡಿಫೈ ಎಂಬ ಆ್ಯಪ್ ಹೀಗೇ ಕೆಲಸ ಮಾಡುವುದು. ಸ್ವಂತ ಸರ್ವರ್ ಬಾಡಿಗೆಗೆ ಹಿಡಿದರೆ ಓಪನ್‌ಎಂಪಿಟಿಸಿಪಿರೂಟರ್ ಎಂಬ ಸಾಫ್ಟ್‌ವೇರ್ ಹಾಕಬಹುದು. ಒಂದೇ ಡೌನ್‌ಲೋಡ್‌ಗೆ ಎರಡೂ ಲೈನ್ ಸಿಗುವುದು ಇಲ್ಲಿ ಮಾತ್ರ. ಆದರೆ ತಿಂಗಳ ಖರ್ಚು ಇನ್ನೊಂದು. ನಿಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಡ.

ಒಂದು ಮಾತ್ರ ಮರೆಯಬೇಡಿ. ಬೀದಿಯಲ್ಲಿ ಕೇಬಲ್ ತುಂಡಾದರೂ ಫೈಬರ್ ಬಾಕ್ಸ್‌ನಿಂದ ರೂಟರ್‌ಗೆ ಬರುವ ವೈರ್ ಜೀವಂತವೇ ಇರುತ್ತದೆ. ರೂಟರ್ ಲೈನ್ ಇದೆ ಎಂದೇ ನಂಬಿ ಕೂರುತ್ತದೆ. ಆನ್‌ಲೈನ್ ಡಿಟೆಕ್ಷನ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಎಂದು ಕೂಗಿ, ನೋಡುವಂತೆ ಇಡಿ.

ನಿಟುವಳ್ಳಿ ಲೆಕ್ಕಿಗ:
ಭಾನುವಾರ ಕೂರಿಸಿದೆ. ಮನೆಯವಳು ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದಳು, ಹೇಳದೆ ಫೈಬರ್ ಕಿತ್ತೆ. ಅವಳಿಗೆ ಗೊತ್ತೇ ಆಗಲಿಲ್ಲ. ಆಫೀಸ್ ಕಾಲ್ ಮಾತ್ರ ಒಂದು ಕ್ಷಣ ನಿಂತು ಮತ್ತೆ ಬಂತು. ಸಂಜೆ ಕರೆಂಟ್ ಹೋದಾಗ ಮಾತ್ರ ಎರಡೂ ಒಟ್ಟಿಗೆ ಸತ್ತವು. ಆ ಪ್ಲಗ್‌ಗೆ ಇನ್ವರ್ಟರ್ ಲೈನೇ ಇಲ್ಲ! ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಎಂದಿದ್ದಾನೆ. ಹೋದ ವಾರವೂ ಹಾಗೇ ಹೇಳಿದ್ದ.